ಮುಳುಗಿದಾಗ ಎಲ್ಲಿ ಹೋಗುತ್ತೆ ಜವಾಬ್ದಾರಿ?

ಗಿಡ ನೆಟ್ಟ ಫೋಟೋ, ಶಾಲೆಗೆ ಬಣ್ಣ ಬಳಿದ ಫೋಟೋ... ಸಾಮಾಜಿಕ ಜವಾಬ್ದಾರಿ ಅಂದ್ರೆ ಇಷ್ಟೇನಾ ಸ್ವಾಮಿ? 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಹೇಳೋದು, ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2 ಖರ್ಚು ಮಾಡಿ ಅಂತ. ಸರಿ, ಲಾಭದ ಮಾತಾಯ್ತು. ಮುಳುಗಿದಾಗ?

ನನ್ನ ಪುಟ್ಟ ಪ್ರೆಸ್ ಮುಚ್ಚಿದಾಗ ಇಬ್ಬರು ಹುಡುಗರಿಗೆ ಮೂರು ತಿಂಗಳ ಸಂಬಳ ಬಾಕಿ ಇತ್ತು. ನಾನೋ, ನಾಚಿಕೆಗೆ ಫೋನ್ ಆಫ್ ಮಾಡಿ ಮನೇಲಿ ಕೂತಿದ್ದೆ. 'ನಾನು ಸೋತೆ' ಅಂತ ಕೊರಗ್ತಿದ್ದವನಿಗೆ ಅವರ ಮನೆ ಒಲೆ ನೆನಪಾಗಿದ್ದು ತಡವಾಗಿ. ಕೊನೆಗೆ ಮಷಿನ್ ಮಾರಿ ಬಾಕಿ ತೀರಿಸಿದೆ. ನಿದ್ದೆ ಬಂದಿದ್ದು ಅವತ್ತೇ.

ಸೋಲೋದು ತಪ್ಪಲ್ಲ. ಸೋತ ನೆಪದಲ್ಲಿ ಕೆಲಸದವರ ಹೊಟ್ಟೆ ಮೇಲೆ ಹೊಡೆಯೋದು ತಪ್ಪು. ಮೊದಲು ಸಂಬಳ ಕೊಡಿ, ಆಮೇಲೆ ಗಿಡ ನೆಡಿ. ಏನಂತೀರಾ?