ವರುಣನ ಹೆಸರಿನಲ್ಲಿ ಮರೆಯಾಗುವವರು

ಮುಂಗಾರು ಬಿರುಸಾಗುತ್ತಿದ್ದಂತೆ ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ವರುಣ ಆರ್ಭಟಿಸತೊಡಗುತ್ತಾನೆ. ಹೊಳೆ ಉಕ್ಕಿದರೆ ಗಂಗೆಯ ಮುನಿಸು, ಗುಡ್ಡ ಜರಿದರೆ ಪ್ರಕೃತಿಯ ರುದ್ರನರ್ತನ, ಮಳೆ ಬಾರದಿದ್ದರೆ ವರುಣನ ಅವಕೃಪೆ. ರಾತ್ರಿ ಪುಟ ಮುಗಿಸುವ ಅವಸರದಲ್ಲಿರುವ ಉಪಸಂಪಾದಕರಿಗೆ ಥಟ್ಟನೆ ಹೊಳೆಯುವ ರೂಪಕಗಳಿವು. ಇವುಗಳಿಂದಾಗುವ ಹಾನಿ ಮಾತ್ರ ಸಣ್ಣದಲ್ಲ. ಮುನಿದದ್ದು ದೇವರೆಂದಾದ ಮೇಲೆ ಯಾರನ್ನೂ ಹೊಣೆ ಮಾಡುವ ಹಾಗಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿತು. ರಸ್ತೆಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಜನ, ಎಲ್ಲವೂ ಮಣ್ಣಿನ ಜೊತೆ ಗಂಗಾವಳಿ ನದಿಯ ಪಾಲಾದವು. ಅಷ್ಟು ಮಣ್ಣು ಒಮ್ಮೆಲೇ ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಮಳೆ ಜೋರಾಗಿತ್ತು, ನಿಜ. ಹೆದ್ದಾರಿ ಅಗಲಿಸಲು ಆ ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದ್ದೂ ಅಷ್ಟೇ ನಿಜ. ‘ವರುಣನ ಅಬ್ಬರಕ್ಕೆ ಗುಡ್ಡ ಬಲಿ ಪಡೆಯಿತು’ ಎಂದು ಬರೆದರೆ ಆ ವಾಕ್ಯದಲ್ಲಿ ಮಣ್ಣು ತೆಗೆದ ಯಂತ್ರವಿಲ್ಲ, ಗುತ್ತಿಗೆದಾರರಿಲ್ಲ, ಇಳಿಜಾರು ಎಷ್ಟಿರಬೇಕೆಂದು ನೋಡಬೇಕಿದ್ದ ಎಂಜಿನಿಯರ್ ಇಲ್ಲ. ಸತ್ತವರ ಮನೆಯವರಿಗೆ ನಾವು ಮಾಡುವ ಅನ್ಯಾಯವಿದು.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರದ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದಾಗಲೂ ಅಷ್ಟೇ. ಜಲಪ್ರಳಯ ಎಂಬ ದಪ್ಪಕ್ಷರದಡಿಯಲ್ಲಿ ರಾಜಕಾಲುವೆ ಒತ್ತುವರಿಯ ಮಾತು ಸಣ್ಣದಾಯಿತು. ಇನ್ನು ‘ಮೇಘಸ್ಫೋಟ’. ಸುಮಾರು 20–30 ಚದರ ಕಿಲೋಮೀಟರ್ ಪ್ರದೇಶದಲ್ಲಿ ಗಂಟೆಗೆ 10 ಸೆಂಟಿಮೀಟರ್‌ನಷ್ಟು ಅಥವಾ ಅದಕ್ಕೂ ಹೆಚ್ಚು ಸುರಿದರೆ ಮಾತ್ರ ಹವಾಮಾನ ಇಲಾಖೆ ಅದನ್ನು ಹಾಗೆ ಕರೆಯುತ್ತದೆ. ನಾವು ಚರಂಡಿ ತುಂಬಿ ಹರಿದ ಮಳೆಗೆಲ್ಲ ಅದೇ ಹೆಸರಿಡುತ್ತೇವೆ.

ಮಳೆಯ ಬಿರುಸೂ ಇಂದು ಪೂರ್ತಿ ದೈವಲೀಲೆಯಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶ ಹಿಡಿದಿಡಬಲ್ಲದು. ಸುರಿದಾಗ ಅದೂ ಸೇರಿಯೇ ಸುರಿಯುತ್ತದೆ. ಗಾಳಿಯನ್ನು ಹೀಗೆ ಬಿಸಿಯಾಗಿಸುವ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟ ಹೊಗೆಗೂ ನಮ್ಮೂರ ಮಳೆಗೂ ಇರುವ ಈ ನಂಟನ್ನು ವರುಣನ ರೂಪಕ ಓದುಗರ ಕಣ್ಣಿಂದ ಮರೆಮಾಡುತ್ತದೆ.

ರೂಪಕವೇ ಬೇಡವೆಂದು ನಾನು ಹೇಳುತ್ತಿಲ್ಲ. ‘ಆರಿದ್ರಾ ಕೈಕೊಟ್ಟಿತು’ ಎನ್ನುವ ರೈತರ ಮಾತಿನಲ್ಲಿ ಬಿತ್ತನೆಯ ಲೆಕ್ಕ, ಬೀಜದ ಸಾಲ, ವರ್ಷಗಳ ಅನುಭವ ಎಲ್ಲವೂ ಇದೆ. ರೂಪಕಕ್ಕೆ ಓದುಗರ ಮನಸ್ಸನ್ನು ಕದಲಿಸುವ ಶಕ್ತಿಯೂ ಇದೆ. 2017ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹವಾಮಾನ ಬದಲಾವಣೆಯ ವಿರುದ್ಧದ ಪ್ರಯತ್ನವನ್ನು ‘ಯುದ್ಧ’ ಎಂದು ಓದಿದವರಿಗೆ ‘ಓಟ’ ಎಂದು ಓದಿದವರಿಗಿಂತ ಹೆಚ್ಚು ತುರ್ತು ಕಂಡಿತು. ಬ್ರಿಟನ್ನಿನ ‘ದ ಗಾರ್ಡಿಯನ್’ ಪತ್ರಿಕೆ 2019ರಲ್ಲಿ ತನ್ನ ಬರವಣಿಗೆಯ ನಿಯಮ ತಿದ್ದಿಕೊಂಡು, ಬದಲಾವಣೆ ಎನ್ನುವ ಬದಲು ಹವಾಮಾನ ತುರ್ತುಸ್ಥಿತಿ, ಬಿಕ್ಕಟ್ಟು ಎಂದು ಬರೆಯಲು ಆದ್ಯತೆ ಕೊಟ್ಟಿತು. ಕನ್ನಡದ ಸುದ್ದಿಮನೆಗಳಲ್ಲೂ ಇಂಥ ಚರ್ಚೆ ನಡೆಯಬೇಕು.

ಜಿಲ್ಲಾ ವರದಿಗಾರರಿಗೆ ಸತ್ಯ ಗೊತ್ತಿರುತ್ತದೆ. ಯಾವ ಗುಡ್ಡ ಯಾವಾಗ ಕಡಿದರು, ಯಾವ ಕೆರೆಯ ಕೋಡಿ ಮುಚ್ಚಿದರು ಎಂದು ಅವರು ಬರೆದೂ ಕಳಿಸುತ್ತಾರೆ. ಆ ಮಾತು ವರದಿಯ ಕೊನೆಯ ಪ್ಯಾರಾದಲ್ಲಿರುತ್ತದೆ. ಜಾಗ ಸಾಲದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಈ ಮಳೆಗಾಲದಲ್ಲಿ ಅದನ್ನು ತಲೆಬರಹಕ್ಕೆ ತನ್ನಿ. ಎಷ್ಟು ಗಂಟೆಯಲ್ಲಿ ಎಷ್ಟು ಸೆಂಟಿಮೀಟರ್ ಮಳೆ, ಗುಡ್ಡ ಕಡಿಯಲು ಅನುಮತಿ ಕೊಟ್ಟ ಇಲಾಖೆ ಯಾವುದು, ಕೆಲಸ ಮಾಡಿದ ಗುತ್ತಿಗೆದಾರರು ಯಾರು ಎಂಬಷ್ಟು ಮೊದಲ ಪ್ಯಾರಾದಲ್ಲೇ ಇರಲಿ.