ಶೇಂಗಾ ಮಾರಿ ಡಬ್ಬಿ ತರಬೇಡಿ, ಹಿಟ್ಟು ಮನೆಯಲ್ಲೇ ಮಾಡಿ



ಹೋದ ತಿಂಗಳ ಪಾಲಕರ ಸಭೆಯಲ್ಲಿ ತಾಯಿಯೊಬ್ಬರು ಚೀಲದಿಂದ ಬಣ್ಣದ ಡಬ್ಬಿಯೊಂದನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟರು. "ಸರ್, ಇದನ್ನ ಹಾಲಾಗ ಹಾಕಿ ಕೊಟ್ರ ಹುಡುಗ ಎತ್ತರ ಆಗ್ತಾನಂತ್ರಿ, ಖರೆ ಏನ್ರಿ?" ಎಂದು ಕೇಳಿದರು. ಅವರ ಹೊಲದಲ್ಲಿ ಶೇಂಗಾ ಬೆಳೆಯುತ್ತಾರೆ. ಬೆಳೆದದ್ದು ಬಜಾರಕ್ಕೆ ಹೋಗುತ್ತದೆ, ಆ ರೊಕ್ಕದಲ್ಲಿ ಡಬ್ಬಿ ಮನೆಗೆ ಬರುತ್ತದೆ. ನಮ್ಮ ಜತ್ತ ತಾಲೂಕಿನಲ್ಲಿ ಇದು ಒಂದು ಮನೆಯ ಕಥೆಯಲ್ಲ.

ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ನಾವು ಓದಿ ತೋರಿಸಿದೆವು. ಯಾವ ಪದಾರ್ಥದ ತೂಕ ಹೆಚ್ಚೋ ಅದರ ಹೆಸರನ್ನು ಮೊದಲು ಬರೆಯಬೇಕೆಂಬುದು ನಿಯಮ. ಅದರಲ್ಲಿ ಸಕ್ಕರೆ ಎರಡನೆಯದಾಗಿ ಕುಳಿತಿತ್ತು. ಇಂಥ ಪುಡಿಗಳನ್ನು 'ಆರೋಗ್ಯ ಪೇಯ' ಎಂಬ ಗುಂಪಿನಲ್ಲಿಟ್ಟು ಮಾರಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ಆ ಸುದ್ದಿ ನಮ್ಮ ಹಳ್ಳಿಗೆ ಬರಲಿಲ್ಲ, ಜಾಹೀರಾತು ಮಾತ್ರ ದಿನಾ ಬರುತ್ತದೆ.

100 ಗ್ರಾಂ ಶೇಂಗಾಕಾಳಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು 1950ರ ದಶಕದಲ್ಲಿ, ಡಾ. ವಿ. ಸುಬ್ರಹ್ಮಣ್ಯನ್ ನಿರ್ದೇಶಕರಾಗಿದ್ದಾಗ, ಅಪೌಷ್ಟಿಕತೆ ನೀಗಲೆಂದು ಒಂದು ಆಹಾರ ತಯಾರಿಸಿದರು. ಅದರಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. ದೊಡ್ಡ ವಿಜ್ಞಾನಿಗಳು ನೆಚ್ಚಿದ ಕಾಳನ್ನು ನಾವು "ಬಡವರ ತಿನಿಸು, ಪಿತ್ತ ಆಗ್ತದ" ಎಂದು ದೂರ ತಳ್ಳುತ್ತೇವೆ. ಅದೇ ಪಿತ್ತದ ಕಾಳು ಹಬ್ಬದ ದಿನ ಹೋಳಿಗೆಯಾಗಿ, ಬದನೆಕಾಯಿ ಎಣ್ಣೆಗಾಯಿಯಾಗಿ, ಉಪವಾಸದ ಸಾಬುದಾಣಿ ಖಿಚಡಿಯಾಗಿ ಹೊಟ್ಟೆಗೆ ಇಳಿಯುವಾಗ ಯಾರಿಗೂ ನೆನಪಾಗುವುದಿಲ್ಲ!

ಶೇಂಗಾ ಒಂದೇ ಸಾಕೆಂದು ನಾವು ಹೇಳುತ್ತಿಲ್ಲ. ಜೋಳದಲ್ಲೂ ಶೇಂಗಾದಲ್ಲೂ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆ, ಹಾಲು, ಮೊಟ್ಟೆ ಜೊತೆಗೆ ಬೇಕೇ ಬೇಕು.

ಇನ್ನು ಕೆಲವರು ಕಿರಾಣಿ ಅಂಗಡಿಯಲ್ಲಿ ಸಿಗುವ ಸಿದ್ಧ ಪುಡಿ ತರುತ್ತಾರೆ. ಮರಾಠಿ ನೆರೆಹೊರೆಯಿಂದ ನಾವೂ ಅದನ್ನು ಕೂಟ ಎಂದೇ ಕರೆಯುತ್ತೇವೆ. ಹೆಸರಿನ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಆ ಪುಡಿ ಎಂಥ ಕಾಳಿನದು ಎಂಬುದರ ಬಗ್ಗೆ. ಕಾಳು ಕೆಟ್ಟಿದ್ದರೆ ಕಣ್ಣಿಗೆ ಕಾಣುತ್ತದೆ, ಪುಡಿಯಾದ ಮೇಲೆ ಕಾಣುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕಿದಾಗ ಸಿಕ್ಕ ಕಾರಣ, ಅವುಗಳ ಮೇವಿಗೆ ಹಾಕಿದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅದರಲ್ಲಿದ್ದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅದು ಯಕೃತ್ತನ್ನು ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಈ ಬೂಷ್ಟಿಗೆ ಅನುಕೂಲ. ನಮ್ಮ ಬರದ ಸೀಮೆಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಆದ್ದರಿಂದ ಮೊದಲ ಕೆಲಸ ಆರಿಸುವುದು. ಮರದಲ್ಲಿ ಕಾಳು ಹರವಿ, ಮುರುಟಿದ್ದು, ಕಪ್ಪಾಗಿದ್ದು, ಹಸಿರು ಬೂಷ್ಟು ಹಿಡಿದದ್ದು, ಹುಳ ಕೊರೆದದ್ದನ್ನು ತೆಗೆಯಿರಿ. ಹೀಗೆ ಆರಿಸಿದರೆ ವಿಷದ ಬಹುಪಾಲು ಹೋಗುತ್ತದೆ, ಪೂರ್ತಿ ಹೋಗುತ್ತದೆಂದು ನಾವು ಮಾತು ಕೊಡಲಾರೆವು. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಹುರಿಯಿರಿ. ಸಿಪ್ಪೆ ಚಿಟಿಚಿಟಿ ಅಂದು, ಒಳಗಿನ ಬೇಳೆ ತಿಳಿಗಂದು ಆದಾಗ ಇಳಿಸಿ. ಪೂರ್ತಿ ಆರಲಿ. ಇಲ್ಲಿಯೇ ಎಲ್ಲರೂ ಅವಸರ ಮಾಡುತ್ತಾರೆ. ಬಿಸಿ ಕಾಳು ಮಿಕ್ಸರಿಗೆ ಬಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ನಮ್ಮ ಮನೆಯಲ್ಲೇ ಎರಡು ಸಲ ಆಗಿದೆ. ಅಂಗೈಯಲ್ಲಿ ತಿಕ್ಕಿ, ಕೇರಿ, ಸಿಪ್ಪೆ ಹಾರಿಸಿ. ಒಂದು ಹಿಡಿ ಪುಟಾಣಿ ಸೇರಿಸಿ, ಮಿಕ್ಸರನ್ನು ಬಿಟ್ಟು ಬಿಟ್ಟು ತಿರುಗಿಸಿ, ಸಾಣಿಗೆ ಹಿಡಿಯಿರಿ. ಮೇಲೆ ಉಳಿದ ತರಿ ಪಲ್ಯಕ್ಕಾಯಿತು.

ಅಂಗಡಿಯ ದುಬಾರಿ ಶೇಂಗಾ ಹಿಟ್ಟಿನ ಹಾಗೆ ಇದು ತಿಂಗಳುಗಟ್ಟಲೆ ಉಳಿಯುವುದಿಲ್ಲ, ಏಕೆಂದರೆ ಅದರ ಎಣ್ಣೆ ತೆಗೆದಿರುತ್ತಾರೆ, ಇದರಲ್ಲಿ ಇದೆ. ವಾರಕ್ಕೆ ಬೇಕಾದಷ್ಟೇ ಮಾಡಿ. ಕಮಟು ವಾಸನೆ ಬಂದರೆ ಚೆಲ್ಲಿ. ಹಾಲಿಗೆ, ಗಂಜಿಗೆ, ರೊಟ್ಟಿಯ ಹಿಟ್ಟಿಗೆ ಎರಡು ಚಮಚ ಹಾಕಿ. ಅಂಗನವಾಡಿಯ ಮಕ್ಕಳಿಗೆ ಇಡೀ ಕಾಳು ಕೊಡಲೇಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಭಯವಿದೆ. ಅವರಿಗೆ ಹಿಟ್ಟೇ ಸರಿ. ಶೇಂಗಾ ತಿಂದರೆ ಮೈಮೇಲೆ ದದ್ದು, ಬಾಯಿ ಊತ, ಉಸಿರು ಕಟ್ಟುವುದು ಆಗುವ ಮಗುವಿದ್ದರೆ ದಯವಿಟ್ಟು ಶಾಲೆಗೆ ತಿಳಿಸಿ.

ಒಂದು ಕಿಲೋ ಕಾಳಿಗೆ ಒಂಬೈನೂರು ಗ್ರಾಂಗೆ ಕಡಿಮೆಯಿಲ್ಲದಂತೆ ಹಿಟ್ಟು ಬರುತ್ತದೆ. ನಿಮ್ಮ ಡಬ್ಬಿಯ ಬೆಲೆಯನ್ನು ಅದರ ಪಕ್ಕದಲ್ಲಿ ಬರೆದು ಮಗುವಿನ ಕೈಯಲ್ಲೇ ಲೆಕ್ಕ ಮಾಡಿಸಿ. ಕಳೆಯುವ ಲೆಕ್ಕ ನಾಲ್ಕನೆಯ ತರಗತಿಯವರಿಗೆ ಚೆನ್ನಾಗಿ ಬರುತ್ತದೆ.

ಆರಿಸಿ ತೆಗೆದ ಕೆಟ್ಟ ಕಾಳನ್ನು ದನಕ್ಕೆ ಹಾಕುವ ರೂಢಿ ನಮ್ಮಲ್ಲಿದೆ. ಅದನ್ನೂ ಬಿಡಿ. ಆಕಳು ತಿಂದ ವಿಷ ಹಾಲಿನಲ್ಲಿ ಇಳಿದು ಮತ್ತೆ ನಮ್ಮ ಮಗುವಿನ ಲೋಟಕ್ಕೇ ಬರುತ್ತದೆ. ತಗ್ಗು ತೋಡಿ ಹೂತುಬಿಡಿ.