ಗದ್ದೆ ಆರಗೊಟ್ಟರೆ ಯಾರಿಗೆ ಲಾಭ?

2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ರಾಷ್ಟ್ರಗಳು 2030ರೊಳಗೆ ಮೀಥೇನ್ ಅನಿಲವನ್ನು 2020ರ ಮಟ್ಟಕ್ಕಿಂತ ಶೇ. 30ರಷ್ಟು ತಗ್ಗಿಸಲು ಕೈಜೋಡಿಸಿದವು. ಭಾರತ ಸೇರಲಿಲ್ಲ. ನಮ್ಮಲ್ಲಿ ಅದು ಬಹುಪಾಲು ಹೊರಡುವುದು ದನಕರುಗಳಿಂದ, ಭತ್ತದ ಗದ್ದೆಗಳಿಂದ. ಎರಡೂ ಸಣ್ಣ ರೈತನ ಜೀವನಾಧಾರ. ಸೇರದಿದ್ದುದೇ ಸರಿ. ಆದರೂ ಗದ್ದೆಯಲ್ಲಿ ನಮ್ಮ ಲಾಭಕ್ಕೇ ಮಾಡಬಹುದಾದದ್ದು ಒಂದಿದೆ.

ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಈ ಅನಿಲವೇ. ಸದಾ ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಕೂಳೆ, ಹಸಿ ಗೊಬ್ಬರ ಕೊಳೆತು ಅದು ಹುಟ್ಟುತ್ತದೆ. ಪೈರಿನ ಕಾಂಡದ ಮೂಲಕವೇ ಹೊರಬೀಳುತ್ತದೆ. ನಾಟಿಯಾದ ಎರಡು ವಾರಕ್ಕೆ, ಕೆಳಭಾಗಕ್ಕೆ ತೂತು ಕೊರೆದ ಒಂದು ಅಡಿ ಉದ್ದದ ಕೊಳವೆಯನ್ನು ಅರ್ಧದವರೆಗೆ ಹೂತು ಒಳಗಿನ ಮಣ್ಣು ತೆಗೆಯಿರಿ. ಅದರಲ್ಲಿ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಗದ್ದೆಗೆ 5 ಸೆಂ.ಮೀ. ನೀರು ನಿಲ್ಲಿಸಿ. ಹೂ ಬಿಡುವಾಗ ಮಾತ್ರ ಆರಗೊಡಬೇಡಿ. ಕಳೆ ತುಸು ಹೆಚ್ಚೀತು, ಇಳುವರಿ ಕುಗ್ಗದು. ನೀರು ಶೇ. 30ರವರೆಗೆ ಉಳಿದೀತು, ಮೀಥೇನ್ ಅರ್ಧದಷ್ಟು ಇಳಿದೀತು.

ಪಂಪ್‌ಸೆಟ್ಟಿನವರಿಗೆ ಇದು ಸುಲಭ. ಆದರೆ ತುಂಗಭದ್ರಾ, ಭದ್ರಾ ಕಾಲುವೆಯ ಕೊನೆಯಂಚಿನವರಿಗೆ? ಮುಂದಿನ ಸರದಿಯ ನೀರು ಬರುವ ಭರವಸೆಯೇ ಇಲ್ಲದಾಗ ಗದ್ದೆ ಆರಗೊಡಿ ಎಂದರೆ ಯಾರು ಕೇಳಿಯಾರು? ಮೊದಲು ಸರದಿ ತಪ್ಪದಂತೆ ನೀರಾವರಿ ಇಲಾಖೆ ನೋಡಿಕೊಳ್ಳಲಿ. ನೀರು ಬಳಕೆದಾರರ ಸಂಘದ ಸಭೆಯಲ್ಲಿ ಇದನ್ನೇ ಪಟ್ಟು ಹಿಡಿದು ಕೇಳಿ.

ಗದ್ದೆ ಆರಿಸಿದರೆ ಇಂಗಾಲದ ಹಣ ಕೊಡಿಸುತ್ತೇವೆಂದು ಕಂಪನಿಯವರು ಊರಿಗೆ ಬಂದರೆ, ಕರಾರನ್ನು ಕನ್ನಡದಲ್ಲಿ ಓದಿಸಿ ಕೇಳಿ. ಎಷ್ಟು ವರ್ಷದ ಕಟ್ಟು, ನಿಮ್ಮ ಪಾಲೆಷ್ಟು, ಹಣ ಯಾವಾಗ ಎಂಬುದು ತಿಳಿಯುವವರೆಗೆ ರುಜು ಹಾಕಬೇಡಿ.